ಮುಂದಿನ ರಿಲೀಸ್ ಯಾವಾಗ, ಅದರಲ್ಲಿ ಏನಿರುತ್ತೆ? ಓಪನ್ ಸೋರ್ಸ್ ಬಿಡುಗಡೆ ಯೋಜನೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರ್ಪಡಿಸಿದ ಮಾಹಿತಿ ಇರುವ ಕಡತ) ಓದುವ ಒಂದು ಪುಟ್ಟ ಓಪನ್ ಸೋರ್ಸ್ ಲೈಬ್ರರಿಯನ್ನು, ಅಂದರೆ ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡನ್ನು, ನಾನು ನೋಡಿಕೊಳ್ಳುತ್ತೇನೆ. ಬೇರೆ ಪ್ರಾಜೆಕ್ಟ್‌ಗಳ ರಿಲೀಸ್ ಕೆಲಸಕ್ಕೂ ಆಗಾಗ ಕೈ ಹಾಕಿದ್ದೇನೆ. ಮೇಂಟೇನರ್‌ಗಳ (ಪ್ರಾಜೆಕ್ಟ್ ನೋಡಿಕೊಳ್ಳುವವರ) ಜೊತೆ ಮಾತಾಡುವಾಗ, ಬಂದ ಪತ್ರಗಳಲ್ಲಿ, ಕಮೆಂಟ್‌ಗಳಲ್ಲಿ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಕಷ್ಟದವು. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರುವಿನ ಪ್ರಶ್ನೆಗಳು

ರೋಡ್‌ಮ್ಯಾಪ್, ಮೈಲ್‌ಸ್ಟೋನ್, ಚೇಂಜ್‌ಲಾಗ್, ರಿಲೀಸ್ ನೋಟ್ಸ್ ಎಲ್ಲಾ ಒಂದೇ ಅಲ್ವಾ? ನಾಲ್ಕು ಹೆಸರು ಯಾಕೆ?

ಓದುವವರು ಬೇರೆ ಬೇರೆ, ಅದಕ್ಕೆ. ನಿಮ್ಮ ಸಾಫ್ಟ್‌ವೇರ್ ನಂಬಿಕೊಂಡು ಮುಂದಿನ ವರ್ಷದ ಕೆಲಸ ಶುರು ಮಾಡಬಹುದಾ ಅಂತ ಯೋಚಿಸುವವರು ರೋಡ್‌ಮ್ಯಾಪ್ ನೋಡುತ್ತಾರೆ. ಈ ವಾರ ಯಾವ ಬಗ್ ಹಿಡಿಯಲಿ ಅನ್ನುವವರು ಮೈಲ್‌ಸ್ಟೋನ್ (ಒಂದು ರಿಲೀಸ್‌ಗೆ ಮುಗಿಸಬೇಕಾದ ಕೆಲಸಗಳ ಪಟ್ಟಿ) ನೋಡುತ್ತಾರೆ. ‘ನಿನ್ನೆವರೆಗೂ ಓಡುತ್ತಿತ್ತು, ಅಪ್‌ಡೇಟ್ ಮಾಡಿದೆ, ನಿಂತುಹೋಯಿತು, ಏನು ಬದಲಾಯಿತು?’ ಅನ್ನುವವರಿಗೆ ಚೇಂಜ್‌ಲಾಗ್ ಬೇಕು. ಅಪ್‌ಡೇಟ್ ಮಾಡಲೋ ಬೇಡವೋ ಅಂತ ಐದು ನಿಮಿಷದಲ್ಲಿ ತೀರ್ಮಾನಿಸುವವರು ರಿಲೀಸ್ ನೋಟ್ಸ್ ಓದುತ್ತಾರೆ. ಮೊದಲೆರಡು ಆಗಬೇಕಾದ್ದನ್ನು ಹೇಳುತ್ತವೆ, ಉಳಿದೆರಡು ಆಗಿದ್ದನ್ನು. ನಾಲ್ಕನ್ನೂ ಒಂದೇ ಪುಟಕ್ಕೆ ತುರುಕಿದರೆ ಯಾರಿಗೂ ಬೇಕಾದ್ದು ಕೈಗೆ ಸಿಗುವುದಿಲ್ಲ.

ನಾನೊಬ್ಬನೇ, ಬಿಡುವು ಸಿಕ್ಕಾಗ ರಾತ್ರಿ ಕೂತು ಮಾಡೋ ಪ್ರಾಜೆಕ್ಟ್. ನನಗೂ ರೋಡ್‌ಮ್ಯಾಪ್ ಬೇಕಾ?

ಬೇಕು. ಆದರೆ ಹತ್ತು ಸಾಲು ಸಾಕು. ಈಗ ಏನು ಮಾಡುತ್ತಿದ್ದೀರಿ, ಮುಂದೆ ಏನು ಮಾಡುವ ಆಸೆ ಇದೆ, ಏನು ಮಾಡುವುದೇ ಇಲ್ಲ. ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಕೊನೆಯ ಸಲ ಯಾವತ್ತು ತಿದ್ದಿದಿರಿ ಅನ್ನುವ ದಿನಾಂಕ. ಈ ದಿನಾಂಕ ಇಲ್ಲದ ರೋಡ್‌ಮ್ಯಾಪ್ ಓದಿದವರಿಗೆ ಅದು ಹೋದ ತಿಂಗಳದ್ದೋ ಮೂರು ವರ್ಷದ ಹಿಂದಿನದ್ದೋ ಗೊತ್ತಾಗುವುದಿಲ್ಲ. ಹಳಸಿದ ಯೋಜನೆಯನ್ನು ನಂಬುವುದಕ್ಕಿಂತ ಯೋಜನೆಯೇ ಇಲ್ಲ ಅಂತ ತಿಳಿದಿರುವುದು ಮೇಲು.

‘ಏನು ಮಾಡುವುದೇ ಇಲ್ಲ’ ಅನ್ನುವ ಮೂರನೆಯ ಭಾಗವನ್ನು ಬಿಡಬೇಡಿ. ನನ್ನ ಲೈಬ್ರರಿಯ ಪುಟದಲ್ಲಿ ‘ಎಕ್ಸೆಲ್ ಫೈಲ್ ಓದುವ ಕೆಲಸ ಇದರಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ಒಳ್ಳೆಯ ಲೈಬ್ರರಿಗಳಿವೆ’ ಅಂತ ಒಂದು ಸಾಲು ಹಾಕಿದೆ. ಅದಕ್ಕೂ ಮೊದಲು ಆ ಬೇಡಿಕೆ ತಿಂಗಳಿಗೊಮ್ಮೆಯಾದರೂ ಬರುತ್ತಿತ್ತು. ನಾನು ಪ್ರತಿ ಸಲ ಸಂಕೋಚದಿಂದ ‘ನೋಡೋಣ’ ಅನ್ನುತ್ತಿದ್ದೆ. ಪಾಪ, ಅವರು ಅದನ್ನು ನಂಬಿ ಕಾಯುತ್ತಿದ್ದರು.

ಇನ್ನೊಂದು ಸಾಲೂ ಸೇರಿಸಿ: ಎಷ್ಟು ಜನ ಇದ್ದೀರಿ, ವಾರಕ್ಕೆ ಎಷ್ಟು ಹೊತ್ತು ಸಿಗುತ್ತದೆ. ಒಬ್ಬರೇ, ವಾರಕ್ಕೆ ಮೂರು ಗಂಟೆ ಅಂತ ಗೊತ್ತಾದರೆ ಹೆಚ್ಚಿನವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

1.9 ಆದ ಮೇಲೆ 2.0 ಬರಬೇಕಲ್ವಾ? ನೀವು 1.10 ಅಂತ ಕೊಟ್ಟಿದ್ದೀರಿ, ತಪ್ಪಾಗಿದೆ ಅನ್ಸುತ್ತೆ.

ತಪ್ಪಾಗಿಲ್ಲ. ಇಲ್ಲಿರುವ ಚುಕ್ಕಿ ದಶಮಾಂಶದ್ದಲ್ಲ, ಎರಡು ಸಂಖ್ಯೆಗಳ ನಡುವಿನ ಗೆರೆ ಅಷ್ಟೇ. ಒಂಬತ್ತರ ಮುಂದೆ ಹತ್ತು.

ತುಂಬಾ ಪ್ರಾಜೆಕ್ಟ್‌ಗಳು ಸೆಮ್ಯಾಂಟಿಕ್ ವರ್ಷನಿಂಗ್ ಪಾಲಿಸುತ್ತವೆ. ಅದರಲ್ಲಿ ಮೂರು ಸಂಖ್ಯೆ. ಬಳಸುವವರ ಕೋಡ್ ಮುರಿಯುವ ಬದಲಾವಣೆ ಇದ್ದರೆ ಮೊದಲನೆಯದು ಏರುತ್ತದೆ, ಮುರಿಯದೆ ಹೊಸದು ಸೇರಿದರೆ ಎರಡನೆಯದು, ಬರೀ ಬಗ್ ಸರಿಪಡಿಸಿದರೆ ಮೂರನೆಯದು. ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ರೀತಿ ಬೇರೆ: ಅದರ ಮೊದಲ ಆವೃತ್ತಿ 4.10, ಅಂದರೆ 2004ರ ಹತ್ತನೇ ತಿಂಗಳು. ಟೆಕ್ (TeX) ಎಂಬ ಅಚ್ಚುಜೋಡಣೆ ಸಾಫ್ಟ್‌ವೇರ್‌ನದ್ದು ಇನ್ನೂ ಚೆಂದ. ಆವೃತ್ತಿ 3 ಆದ ಮೇಲೆ ಪ್ರತಿ ತಿದ್ದುಪಡಿಗೂ ಪೈ ಬೆಲೆಯ ಒಂದೊಂದು ಅಂಕಿ ಸೇರುತ್ತಾ ಹೋಗುತ್ತದೆ, 3.14159 ಹೀಗೆ. ಹೊಸದು ಸೇರಿಸುವುದಿಲ್ಲ, ಬರೀ ತಪ್ಪು ತಿದ್ದುತ್ತೇವೆ ಅನ್ನುವುದನ್ನು ಆ ಸಂಖ್ಯೆಯೇ ಹೇಳುತ್ತದೆ.

ಯೋಜನೆ ಬರೆಯುವಾಗ ನೆನಪಿಡಬೇಕಾದ್ದು ಒಂದಿದೆ. ಸೆಮ್ಯಾಂಟಿಕ್ ವರ್ಷನಿಂಗ್‌ನಲ್ಲಿ ಒಳಗೆ ಏನು ಸೇರಿತು ಅನ್ನುವುದರ ಮೇಲೆ ಸಂಖ್ಯೆ ನಿಲ್ಲುತ್ತದೆ. ಆರು ತಿಂಗಳ ಮೊದಲೇ ‘2.5ರಲ್ಲಿ ಬರುತ್ತದೆ’ ಅಂತ ಬರೆದು, ನಡುವೆ ಏನೋ ಮುರಿದರೆ ಅದು 3.0 ಆಗಿಬಿಡುತ್ತದೆ. ನಾನು ಹತ್ತಿರದ ಒಂದು ರಿಲೀಸ್‌ಗೆ ಮಾತ್ರ ಸಂಖ್ಯೆ ಕೊಡುತ್ತೇನೆ. ಅದರಾಚೆಯದ್ದಕ್ಕೆಲ್ಲ ‘ಮುಂದೆ’ ಅಂತಲೇ ಹೆಸರು.

ಐದು ವರ್ಷದಿಂದ 0.x ನಲ್ಲೇ ಇದ್ದೀನಿ. 1.0 ಅಂತ ಯಾವಾಗ ಕರೀಲಿ?

0.x ಅಂದರೆ ಇನ್ನೂ ಪಕ್ವವಾಗಿಲ್ಲ, 1.0 ಅಂದರೆ ನಂಬಿ ಬಳಸಬಹುದು ಅನ್ನುವ ಸೂಚನೆ. ಜನ ತಮ್ಮ ನಿಜವಾದ ಕೆಲಸಕ್ಕೆ ಬಳಸುತ್ತಿದ್ದಾರಾ? ಏನಾದರೂ ಮುರಿಯುವ ಮೊದಲು ನೀವು ಹೆದರುತ್ತೀರಾ? ಹಾಗಿದ್ದರೆ ಅದು ಈಗಾಗಲೇ 1.0. ಹೆಸರು ಇಡುವುದಷ್ಟೇ ಬಾಕಿ.

ಆತುರ ಪಟ್ಟರೂ ಕಷ್ಟವೇ. ಲಿನಕ್ಸ್‌ಗೆ ಡೆಸ್ಕ್‌ಟಾಪ್ ಕೊಡುವ ಕೆಡಿಇಯ 4.0 ಬಂದದ್ದು 2008ರ ಜನವರಿಯಲ್ಲಿ. ಅದು ಡೆವಲಪರ್‌ಗಳಿಗೆ ಮತ್ತು ಮೊದಲೇ ಪ್ರಯತ್ನಿಸುವವರಿಗೆ ಅಂತ ತಂಡದವರು ಹೇಳಿದ್ದರು. ಆದರೆ ‘.0’ ನೋಡಿದ ಸಾಮಾನ್ಯ ಬಳಕೆದಾರರು ದಿನದ ಕೆಲಸಕ್ಕೆ ರೆಡಿ ಇದೆ ಅಂದುಕೊಂಡರು, ಹಾಕಿಕೊಂಡು ನೊಂದರು. ಘೋಷಣೆಯ ಮೂರನೇ ಪ್ಯಾರಾದಲ್ಲಿ ಏನು ಬರೆದಿದ್ದರೂ ಜನ ಮೊದಲು ಓದುವುದು ಸಂಖ್ಯೆಯನ್ನು.

## ದಿನಾಂಕದ ಪ್ರಶ್ನೆಗಳು

ದಿನಾಂಕ ಹೇಳಲೇಬೇಕಾ? ‘ರೆಡಿ ಆದಾಗ ಬಿಡ್ತೀವಿ’ ಅಂದ್ರೆ ಸಾಕಲ್ವಾ?

ಎರಡೂ ನಡೆಯುತ್ತದೆ. ಆದರೆ ಯಾವುದನ್ನು ಆರಿಸಿಕೊಂಡಿದ್ದೀರಿ ಅಂತ ಬಾಯಿಬಿಟ್ಟು ಹೇಳಿ.

ಒಂದು ದಾರಿಯಲ್ಲಿ ದಿನಾಂಕ ಗಟ್ಟಿ, ಒಳಗಿರುವುದು ಸಡಿಲ. ಉಬುಂಟು ಏಪ್ರಿಲ್‌ಗೆ ಒಂದು, ಅಕ್ಟೋಬರ್‌ಗೆ ಒಂದು. ಗ್ನೋಮ್ (ಇದೂ ಲಿನಕ್ಸ್‌ನ ಡೆಸ್ಕ್‌ಟಾಪ್) ಮಾರ್ಚ್ ಮತ್ತು ಸೆಪ್ಟೆಂಬರ್. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪೈಥಾನ್ 3.9ರಿಂದ ಈಚೆಗೆ ವರ್ಷಕ್ಕೊಂದು, ಅಕ್ಟೋಬರ್‌ನಲ್ಲಿ. ರಸ್ಟ್ ಆರು ವಾರಕ್ಕೊಂದು. ಫೀಚರ್ ರೆಡಿ ಇದ್ದರೆ ಒಳಗೆ, ಇಲ್ಲದಿದ್ದರೆ ಮುಂದಿನ ರಿಲೀಸ್‌ಗೆ. ರೈಲಿನ ಹಾಗೆ: ಹೊತ್ತಿಗೆ ಹೊರಡುತ್ತದೆ, ಬಾರದವರಿಗೆ ಕಾಯುವುದಿಲ್ಲ.

ಇನ್ನೊಂದು ದಾರಿಯಲ್ಲಿ ಗುಣಮಟ್ಟ ಗಟ್ಟಿ, ದಿನಾಂಕ ಸಡಿಲ. ಡೆಬಿಯನ್ ಎಂಬ ಲಿನಕ್ಸ್ ಹೀಗೆ ನಡೆಯುತ್ತದೆ. ರಿಲೀಸ್ ತಡೆಯುವಂಥ ಬಗ್‌ಗಳು ಹತೋಟಿಗೆ ಬರುವವರೆಗೆ ಬಿಡುಗಡೆ ಇಲ್ಲ. 3.0 ಬಂದದ್ದು 2002ರ ಜುಲೈನಲ್ಲಿ, 3.1 ಬಂದದ್ದು 2005ರ ಜೂನ್‌ನಲ್ಲಿ. ಹತ್ತಿರ ಹತ್ತಿರ ಮೂರು ವರ್ಷ. ಈಗ ಸುಮಾರು ಎರಡು ವರ್ಷಕ್ಕೊಂದರಂತೆ ಬರುತ್ತಿದೆ: 12 ಬಂದದ್ದು 2023ರ ಜೂನ್‌ನಲ್ಲಿ, 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಬಿಡುಗಡೆಯ ದಿನ ಮೊದಲೇ ಹೇಳದಿದ್ದರೂ ಫ್ರೀಜ್ (ಹೊಸ ಬದಲಾವಣೆ ತೆಗೆದುಕೊಳ್ಳುವುದನ್ನು ನಿಲ್ಲಿಸುವುದು) ಯಾವತ್ತಿನಿಂದ ಶುರು ಅನ್ನುವುದನ್ನು ಅವರು ತಿಂಗಳುಗಳ ಮೊದಲೇ ಹೇಳುತ್ತಾರೆ. ಈ ಪದ್ಧತಿ ನನಗೆ ತುಂಬಾ ಇಷ್ಟ. ನಿಮ್ಮ ಹತೋಟಿಯಲ್ಲಿ ಇರುವುದರ ದಿನಾಂಕ ಹೇಳಿ, ಇಲ್ಲದ್ದರ ಷರತ್ತು ಹೇಳಿ.

ಸಣ್ಣ ತಂಡಕ್ಕೆ ನನ್ನ ಸಲಹೆ ಮೊದಲ ದಾರಿ, ಆದರೆ ನಿಧಾನದ ಲಯದಲ್ಲಿ. ಆರು ತಿಂಗಳಿಗೊಂದು ಸಾಕು. ಮುಂದಿನದು ಯಾವಾಗ ಅಂತ ಗೊತ್ತಿದ್ದರೆ ಈ ಸಲ ತಪ್ಪಿಹೋದ ಫೀಚರ್ ಬಗ್ಗೆ ಯಾರಿಗೂ ಅಷ್ಟು ಬೇಜಾರಾಗುವುದಿಲ್ಲ.

ದಿನಾಂಕ ಬರೆಯುವಾಗ ತಿಂಗಳ ಹೆಸರು ಹಾಕಿ. ‘ಬೇಸಿಗೆ ರಿಲೀಸ್’ ಅಂತ ಬರೆದರೆ ಭೂಮಿಯ ಇನ್ನೊಂದು ಅರ್ಧದವರಿಗೆ ಅದು ಚಳಿಗಾಲ. 03/04 ಕೂಡ ಬೇಡ. ಕೆಲವರಿಗೆ ಅದು ಏಪ್ರಿಲ್ 3, ಕೆಲವರಿಗೆ ಮಾರ್ಚ್ 4.

ಹೇಳಿದ ದಿನಕ್ಕೆ ಆಗಲ್ಲ ಅಂತ ನನಗೆ ಗೊತ್ತಾಗಿದೆ. ಕೊನೇ ವಾರದವರೆಗೂ ಪ್ರಯತ್ನಿಸಿ ಆಮೇಲೆ ಹೇಳಲಾ?

ಬೇಡ. ಗೊತ್ತಾದ ದಿನವೇ ಹೇಳಿ.

ಇದನ್ನು ನಾನು ಒಬ್ಬರ ಕಷ್ಟದಿಂದ ಕಲಿತೆ. ದೊಡ್ಡ ಫೈಲ್‌ಗಳನ್ನು ತುಂಡು ತುಂಡಾಗಿ ಓದುವ ಫೀಚರ್ ಮಾರ್ಚ್‌ನಲ್ಲಿ ಬರುತ್ತದೆ ಅಂತ ಬರೆದಿದ್ದೆ. ಜನವರಿ ಕೊನೆಗೇ ಆಗುವುದಿಲ್ಲ ಅಂತ ಗೊತ್ತಾಗಿತ್ತು. ಹೇಗಾದರೂ ಮುಗಿಸುತ್ತೇನೆ ಅಂತ ಸುಮ್ನೆ ಇದ್ದೆ. ಮಾರ್ಚ್ 28ಕ್ಕೆ ‘ಮುಂದೂಡಿದೆ’ ಅಂತ ಒಂದು ಸಾಲು ಹಾಕಿದೆ. ಎರಡು ದಿನದಲ್ಲಿ ಒಂದು ಪತ್ರ ಬಂತು. ಸಿಟ್ಟಿನ ಮಾತು ಒಂದೂ ಇರಲಿಲ್ಲ. ಅವರ ಸಣ್ಣ ತಂಡ ನನ್ನ ಪುಟ ನಂಬಿ, ಫೆಬ್ರುವರಿಯಲ್ಲಿ ತಮ್ಮ ಹಳೆಯ ಕೋಡ್ ತೆಗೆದುಹಾಕಿತ್ತು. ‘ಜನವರಿಯಲ್ಲಿ ಹೇಳಿದ್ದರೆ ತೆಗೆಯುತ್ತಿರಲಿಲ್ಲ’ ಅಂತ ಬರೆದಿದ್ದರು. ಆ ಸಾಲು ಇವತ್ತಿಗೂ ಮರೆತಿಲ್ಲ. ರೋಡ್‌ಮ್ಯಾಪ್ ನನ್ನ ಕೆಲಸದ ಪಟ್ಟಿ ಅಂತ ಅಲ್ಲಿಯವರೆಗೆ ತಿಳಿದಿದ್ದೆ. ಅದನ್ನು ಓದಿ ಬೇರೆಯವರು ತಮ್ಮ ಕ್ಯಾಲೆಂಡರ್ ಬರೆದುಕೊಳ್ಳುತ್ತಾರೆ ಅನ್ನುವುದು ಆವತ್ತು ತಲೆಗೆ ಹೋಯಿತು.

ಮುಂದೂಡುವುದು ಅವಮಾನವೇನಲ್ಲ. ಉಬುಂಟು 6.04 ಆಗಬೇಕಿದ್ದದ್ದು ಆರು ವಾರ ತಡವಾಗಿ 6.06 ಆಯಿತು, 2006ರ ಜೂನ್‌ನಲ್ಲಿ. ಬೇಕಂತಲೇ ಸಮಯ ತೆಗೆದುಕೊಂಡರು, ಮೊದಲೇ ಹೇಳಿದರು, ಸಂಖ್ಯೆಯನ್ನೂ ಬದಲಿಸಿದರು. ತಡ ಆದಾಗ ಮೂರು ವಿಷಯ ಬರೆಯಿರಿ: ಯಾಕೆ, ಹೊಸ ಅಂದಾಜು ಯಾವಾಗ, ಅಲ್ಲಿಯವರೆಗೆ ಬಳಸುವವರು ಏನು ಮಾಡಬಹುದು. ಮೂರನೆಯದೇ ಅವರಿಗೆ ಜಾಸ್ತಿ ಬೇಕಾದದ್ದು.

ಫ್ರೀಜ್ ಅಂದ್ರೆ ಏನು? ಎಷ್ಟು ತರಹ ಇದೆ?

ಇನ್ನು ಮುಂದೆ ಈ ತರಹದ ಬದಲಾವಣೆ ತೆಗೆದುಕೊಳ್ಳುವುದಿಲ್ಲ ಅಂತ ಗೆರೆ ಎಳೆಯುವುದು. ಫೀಚರ್ ಫ್ರೀಜ್ ಆದ ಮೇಲೆ ಹೊಸ ಫೀಚರ್ ಇಲ್ಲ, ಬಗ್ ತಿದ್ದುವುದು ಮಾತ್ರ. ಪೈಥಾನ್‌ನಲ್ಲಿ ಮೊದಲ ಬೀಟಾ (ಪರೀಕ್ಷೆಗೆ ಕೊಡುವ ಆವೃತ್ತಿ) ಬಂದ ದಿನ ಈ ಗೆರೆ ಬೀಳುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಹೊಸದನ್ನು ಸೇರಿಸಲು ಎರಡು ವಾರ ಮಾತ್ರ ಬಾಗಿಲು ತೆರೆದಿರುತ್ತದೆ. ಆಮೇಲೆ ವಾರಕ್ಕೊಂದು ರಿಲೀಸ್ ಕ್ಯಾಂಡಿಡೇಟ್ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ), ಸಾಮಾನ್ಯವಾಗಿ ಏಳು, ಕೆಲವೊಮ್ಮೆ ಎಂಟು. ಒಟ್ಟು ಒಂಬತ್ತು ಹತ್ತು ವಾರ.

ಸಣ್ಣ ಪ್ರಾಜೆಕ್ಟ್‌ಗಳು ಮರೆಯುವುದು ಸ್ಟ್ರಿಂಗ್ ಫ್ರೀಜ್ ಅನ್ನು. ಅಂದರೆ ತೆರೆಯ ಮೇಲೆ ಕಾಣುವ ಪದಗಳನ್ನು ಇನ್ನು ಮುಟ್ಟುವುದಿಲ್ಲ ಅನ್ನುವ ಮಾತು. ‘ಫೈಲ್ ಉಳಿಸಿ’ ಅನ್ನುವುದನ್ನು ರಿಲೀಸ್‌ನ ಹಿಂದಿನ ದಿನ ‘ಫೈಲನ್ನು ಉಳಿಸಿ’ ಅಂತ ತಿದ್ದಿದರೆ ಮೂಲದಲ್ಲಿ ಬದಲಾದದ್ದು ಒಂದೆರಡು ಅಕ್ಷರ. ಆದರೆ ಮೂವತ್ತು ಭಾಷೆಗಳಲ್ಲಿ ಆ ಸಾಲಿನ ಅನುವಾದ ಮೂಲಕ್ಕೆ ಹೊಂದದೆ ಹೋಗುತ್ತದೆ. ಅನುವಾದಕರು ತಿಂಗಳುಗಟ್ಟಲೆ ಮಾಡಿದ ಕೆಲಸ ನಡುನಡುವೆ ತೂತು ಬಿದ್ದು ಬಿಡುಗಡೆಯಾಗುತ್ತದೆ. ಗ್ನೋಮ್ ಈ ಫ್ರೀಜ್‌ನ ದಿನಾಂಕವನ್ನು ತನ್ನ ವೇಳಾಪಟ್ಟಿಯಲ್ಲೇ ಹಾಕುತ್ತದೆ. ನೀವೂ ಹಾಕಿ, ಕನಿಷ್ಠ ಎರಡು ವಾರ ಮೊದಲು.

## ಬರೆಯುವ ಪ್ರಶ್ನೆಗಳು

ರೋಡ್‌ಮ್ಯಾಪ್‌ನಲ್ಲಿ ಒಂದೊಂದು ಐಟಂ ಎಷ್ಟು ವಿವರವಾಗಿ ಬರೀಬೇಕು? ಒಂದು ಸಾಲಾ, ಒಂದು ಪುಟಾನಾ?

ನಾಲ್ಕೈದು ಸಾಲು. ಉದಾಹರಣೆಗೆ ನನ್ನದೇ ಹಳೆಯ ಸಾಲು ನೋಡಿ:

> ವೇಗ ಹೆಚ್ಚಿಸುವುದು.

ಇದರಿಂದ ಯಾರಿಗೆ ಏನು ತಿಳಿಯಿತು? ಯಾವುದರ ವೇಗ, ಎಷ್ಟು, ಮುಗಿಯಿತು ಅಂತ ಹೇಗೆ ಗೊತ್ತಾಗುತ್ತದೆ, ಏನೂ ಇಲ್ಲ. ಅದೇ ಕೆಲಸವನ್ನು ಈಗ ಹೀಗೆ ಬರೆಯುತ್ತೇನೆ:

> ಉದ್ಧರಣ ಚಿಹ್ನೆ ಇರುವ ಸಾಲುಗಳು ಜಾಸ್ತಿ ಇದ್ದಾಗ ಓದುವುದು ನಿಧಾನ. 10 ಲಕ್ಷ ಸಾಲಿನ ಪರೀಕ್ಷಾ ಫೈಲ್‌ಗೆ ಈಗ ಹಿಡಿಯುವ ಸಮಯ ಅರ್ಧಕ್ಕೆ ಇಳಿದರೆ ಮುಗಿದ ಹಾಗೆ. ಸ್ಥಿತಿ: ಕೆಲಸ ಶುರುವಾಗಿದೆ, ಪರೀಕ್ಷೆಗಳು ಬರೆದಾಗಿವೆ. ಬಳಸುವವರ ಕೋಡ್ ಬದಲಿಸಬೇಕಿಲ್ಲ. ಫ್ರೀಜ್ ಹೊತ್ತಿಗೆ ಆಗದಿದ್ದರೆ ಹಳೆಯ ವಿಧಾನವೇ ಮುಂದುವರಿಯುತ್ತದೆ.

ಕೊನೆಯ ಎರಡು ಸಾಲಿಗೆ ಗಮನ ಕೊಡಿ. ಬಳಸುವವರು ಏನಾದರೂ ಮಾಡಬೇಕಾ ಅನ್ನುವುದು ಅವರು ಮೊದಲು ಹುಡುಕುವ ಮಾಹಿತಿ. ಆಗದಿದ್ದರೆ ಏನು ಅನ್ನುವ ಸಾಲಿನ ಉಪಾಯ ಫೆಡೋರಾ ಎಂಬ ಲಿನಕ್ಸ್ ಪ್ರಾಜೆಕ್ಟ್‌ನದ್ದು. ಅಲ್ಲಿ ಮುಂದಿನ ಆವೃತ್ತಿಗೆ ಬದಲಾವಣೆ ಸೂಚಿಸುವವರು ತುಂಬಬೇಕಾದ ನಮೂನೆಯಲ್ಲೇ ‘ಕೈಕೊಟ್ಟರೆ ಏನು ಮಾಡುತ್ತೀರಿ’ ಅನ್ನುವ ಭಾಗ ಇರುತ್ತದೆ. ರಿಲೀಸ್ ನೋಟ್ಸ್‌ಗೆ ಏನು ಬರೆಯಬೇಕು ಅನ್ನುವ ಭಾಗವೂ ಇರುತ್ತದೆ. ಕೆಲಸ ಶುರುವಾಗುವ ಮೊದಲೇ ರಿಲೀಸ್ ನೋಟ್ ಬರೆಯಲು ಕೂತರೆ ಒಂದು ಲಾಭ ಇದೆ. ಬಳಸುವವರಿಗೆ ಇದರಿಂದ ಏನು ಸಿಗುತ್ತದೆ ಅಂತ ಎರಡು ಸಾಲು ಬರೆಯಲು ಆಗದಿದ್ದರೆ ಆ ಕೆಲಸ ಇನ್ನೂ ಸರಿಯಾಗಿ ಯೋಚಿಸಿಲ್ಲ ಅಂತ ಅರ್ಥ.

ಮುಂದೆ ಬರೋ ಫೀಚರ್‌ಗೆ ಈಗಲೇ ಡಾಕ್ಯುಮೆಂಟೇಶನ್ ಬರೆದು ಹಾಕಬಹುದಾ?

ಬರೆಯಬಹುದು. ಈಗಿನ ಆವೃತ್ತಿಯ ಪುಟದಲ್ಲಿ ಹಾಕಬೇಡಿ. ಹುಡುಕಿಕೊಂಡು ಬಂದವರು ಅದನ್ನು ನೋಡಿ, ಹಾಗೇ ಟೈಪ್ ಮಾಡಿ, ಎರರ್ ನೋಡಿ ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ. ಡಾಕ್ಯುಮೆಂಟೇಶನ್ ಕೂಡ ಕೋಡ್ ಇರುವ ಬ್ರಾಂಚ್‌ನಲ್ಲೇ (ಕೆಲಸ ನಡೆಯುವ ಪ್ರತ್ಯೇಕ ಪ್ರತಿ) ಇರಲಿ, ಅದರ ಜೊತೆಗೇ ಮರ್ಜ್ ಆಗಲಿ, ಅಂದರೆ ಮುಖ್ಯ ಕೋಡ್‌ಗೆ ಸೇರಲಿ. ಅಭಿವೃದ್ಧಿಯಲ್ಲಿರುವ ಆವೃತ್ತಿಯ ಪುಟಗಳನ್ನು ಬೇರೆ ವಿಳಾಸದಲ್ಲಿಟ್ಟು, ಪ್ರತಿ ಪುಟದ ತಲೆಯಲ್ಲಿ ‘ಇದು ಇನ್ನೂ ಬಿಡುಗಡೆಯಾಗಿಲ್ಲ’ ಅಂತ ಪಟ್ಟಿ ಹಾಕಿ. ಪೈಥಾನ್ ದಾಖಲೆಗಳಲ್ಲಿ ಫಂಕ್ಷನ್ ಕೆಳಗೆ ‘ಈ ಆವೃತ್ತಿಯಲ್ಲಿ ಸೇರಿದ್ದು’ ಅನ್ನುವ ಪುಟ್ಟ ಸಾಲು ಇರುತ್ತದಲ್ಲ, ಅದು ಹಳೆಯ ಆವೃತ್ತಿಯಲ್ಲಿ ಸಿಕ್ಕಿಕೊಂಡಿರುವವರಿಗೆ ದೊಡ್ಡ ಉಪಕಾರ.

ಬಾರದೇ ಇರುವುದನ್ನು ಬಂತು ಅಂತ ಬರೆದರೆ ಏನಾಗುತ್ತದೆ ಅನ್ನುವುದಕ್ಕೆ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿಯ 6ನೇ ಆವೃತ್ತಿ ಸಾಕ್ಷಿ. ಯೂನಿಕೋಡ್ ಅನ್ನು ಒಳಗಿನಿಂದಲೇ ತರಬೇಕು ಅನ್ನುವ ದೊಡ್ಡ ಗುರಿ ಇತ್ತು. ಕೆಲಸ ವರ್ಷಗಟ್ಟಲೆ ನಡೆಯಿತು, 2010ರಲ್ಲಿ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ಪಿಎಚ್‌ಪಿ 6 ಬಗ್ಗೆ ಪುಸ್ತಕಗಳೇ ಅಂಗಡಿಗೆ ಬಂದಿದ್ದವು. ಗೊಂದಲ ಆಗಬಾರದು ಅಂತ ಮುಂದಿನ ದೊಡ್ಡ ಆವೃತ್ತಿಗೆ ಆರು ಬಿಟ್ಟು ಏಳು ಅಂತ ಹೆಸರಿಡಬೇಕಾಯಿತು.

ಚೇಂಜ್‌ಲಾಗ್ ರಿಲೀಸ್ ದಿನ ಕೂತು ಬರೀತೀನಿ, ಅರ್ಧ ಮರೆತೇ ಹೋಗಿರುತ್ತೆ. ಕಮಿಟ್ ಮೆಸೇಜ್‌ಗಳಿಂದ ತಾನಾಗೇ ತೆಗೆದ್ರೆ ಆಗಲ್ವಾ?

ಕಮಿಟ್ ಮೆಸೇಜ್, ಅಂದರೆ ಕೋಡ್ ಬದಲಾವಣೆ ದಾಖಲಿಸುವಾಗಿನ ಟಿಪ್ಪಣಿ, ಬರೆಯುವುದು ಜೊತೆಗಾರ ಡೆವಲಪರ್‌ಗೆ. ‘ಪಾರ್ಸರ್‌ನಲ್ಲಿ ಆಫ್-ಬೈ-ಒನ್ ಸರಿ ಮಾಡಿದೆ’ ಅಂದರೆ ಅವರಿಗೆ ಸಾಕು. ಬಳಸುವವರಿಗೆ ಬೇಕಾದ್ದು ‘ಫೈಲ್‌ನ ಕೊನೆಯ ಸಾಲು ಖಾಲಿ ಇದ್ದರೆ ಒಂದು ದಾಖಲೆ ಕಳೆದುಹೋಗುತ್ತಿತ್ತು, ಈಗ ಸರಿಯಾಗಿದೆ’ ಅನ್ನುವ ಮಾತು. ಈ ಅನುವಾದವನ್ನು ಯಂತ್ರಕ್ಕೆ ಪೂರ್ತಿ ಬಿಡಬೇಡಿ. ಪಟ್ಟಿ ತೆಗೆಯಲು ಬಳಸಿ, ವಾಕ್ಯ ನೀವೇ ಬರೆಯಿರಿ.

ಚೇಂಜ್‌ಲಾಗ್ ಕಡತದ ತಲೆಯಲ್ಲಿ ‘ಇನ್ನೂ ಬಿಡುಗಡೆಯಾಗಿಲ್ಲ’ ಅನ್ನುವ ಭಾಗ ಯಾವಾಗಲೂ ತೆರೆದಿರಲಿ. ಬದಲಾವಣೆ ಮರ್ಜ್ ಆಗುವಾಗಲೇ ಅಲ್ಲಿ ಒಂದು ಸಾಲು ಬೀಳಬೇಕು. ರಿಲೀಸ್ ದಿನ ಆ ಶೀರ್ಷಿಕೆ ಬದಲಿಸಿ ಸಂಖ್ಯೆ, ದಿನಾಂಕ ಹಾಕಿದರೆ ಮುಗಿಯಿತು. ಇದರಿಂದ ಇನ್ನೊಂದು ಅನುಕೂಲ: ಮುಂದಿನ ರಿಲೀಸ್‌ನಲ್ಲಿ ಏನಿದೆ ಅನ್ನುವ ನಿಜವಾದ ಪಟ್ಟಿ ಯಾವತ್ತು ನೋಡಿದರೂ ಸಿಗುತ್ತದೆ. ಜಾಸ್ತಿ ಜನ ಇರುವ ಕಡೆ ಎಲ್ಲರೂ ಒಂದೇ ಜಾಗದಲ್ಲಿ ಬರೆದು ಮರ್ಜ್ ಜಗಳ ಶುರುವಾಗುತ್ತದೆ. ಆಗ ಒಂದೊಂದು ಬದಲಾವಣೆಗೆ ಒಂದೊಂದು ಪುಟ್ಟ ಫೈಲ್ ಇಟ್ಟು ಕೊನೆಗೆ ಜೋಡಿಸುತ್ತಾರೆ. ಟೌನ್‌ಕ್ರೈಯರ್ ಅನ್ನುವ ಟೂಲ್ ಇದೇ ಕೆಲಸಕ್ಕಿದೆ.

ಈಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರ್‌ನವರ ಒಂದು ಸರಳ ಉಪಾಯ ಹೇಳಲೇಬೇಕು. ಅವರ ನ್ಯೂಸ್ ಫೈಲ್‌ನಲ್ಲಿ (ಹೊಸದೇನು ಅನ್ನುವ ಪಟ್ಟಿ) ಕೆಲಸ ನಡೆಯುತ್ತಿರುವಾಗ ಕೈಪಿಡಿ ತಿದ್ದಿಯಾಗಿರುವ ಬದಲಾವಣೆಯ ಮೇಲೆ +++ ಹಾಕುತ್ತಾರೆ, ಕೈಪಿಡಿ ತಿದ್ದುವ ಅಗತ್ಯವೇ ಇಲ್ಲದಿದ್ದರೆ --- ಹಾಕುತ್ತಾರೆ. ಎರಡೂ ಇಲ್ಲದಿದ್ದರೆ ಬರೆಯುವ ಕೆಲಸ ಬಾಕಿ ಇದೆ ಅಂತ ಅರ್ಥ. ಬೇರೆ ಟೂಲ್ ಬೇಡ, ಮೀಟಿಂಗ್ ಬೇಡ. ನಾನು ಇದನ್ನು ಹಾಗೇ ಎತ್ತಿಕೊಂಡಿದ್ದೇನೆ.

## ಜನರ ಜೊತೆಗಿನ ಪ್ರಶ್ನೆಗಳು

ಯಾರು ಏನು ಕೇಳಿದ್ರೂ ಮುಂದಿನ ಮೈಲ್‌ಸ್ಟೋನ್‌ಗೆ ಹಾಕ್ತೀನಿ. ಅದು ಖಾಲಿಯೇ ಆಗ್ತಿಲ್ಲ, ಏನ್ಮಾಡ್ಲಿ?

ಮೈಲ್‌ಸ್ಟೋನ್‌ಗೆ ಸೇರಲು ಒಂದು ಷರತ್ತು ಇಡಿ: ಮಾಡುವವರ ಹೆಸರು ಇರಬೇಕು. ಹೆಸರಿಲ್ಲದ್ದು ‘ಯಾರಾದರೂ ಮುಂದೆ ಬಂದರೆ’ ಅನ್ನುವ ಪಟ್ಟಿಗೆ ಹೋಗಲಿ. ಮೊದಲ ದಿನ ಮನಸ್ಸಿಗೆ ಕಷ್ಟವಾಗುತ್ತದೆ. ನನ್ನ 43 ಐಟಂಗಳಲ್ಲಿ ಹೆಸರಿದ್ದದ್ದು ಆರಕ್ಕೆ ಮಾತ್ರ, ಆರೂ ನನ್ನದೇ. ಆದರೆ ಆ ಎರಡನೇ ಪಟ್ಟಿ ಹೊರಗೆ ಇಟ್ಟ ಮೇಲೆ ಇಬ್ಬರು ಹೊಸಬರು ಬಂದು ಕೆಲಸ ಕೈಗೆತ್ತಿಕೊಂಡರು. ಅಲ್ಲಿಯವರೆಗೆ ಎಲ್ಲವನ್ನೂ ನಾನೇ ಮಾಡುತ್ತೇನೆ ಅಂತ ಅವರು ಅಂದುಕೊಂಡಿದ್ದರಂತೆ.

‘ನನ್ನ ಪುಲ್ ರಿಕ್ವೆಸ್ಟ್ (ಸೇರಿಸಿ ಅಂತ ಕಳಿಸಿದ ಬದಲಾವಣೆ) ಈ ರಿಲೀಸ್‌ನಲ್ಲೇ ಬರಬೇಕು’ ಅಂತ ಹಠ ಮಾಡಿದ್ರೆ?

ಫ್ರೀಜ್ ದಿನ ಎಲ್ಲರಿಗೂ ಒಂದೇ ಅಂತ ಮೊದಲೇ ಬರೆದಿದ್ದರೆ ಆ ಪುಟ ತೋರಿಸಿ, ಮುಂದಿನ ರಿಲೀಸ್‌ನ ತಿಂಗಳು ಹೇಳಿ. ನಿಮ್ಮ ಸ್ವಂತ ಕೋಡ್‌ಗೂ ಅದೇ ನಿಯಮ ಇರಲಿ. ನೀವು ಫ್ರೀಜ್ ಆದ ಮೇಲೂ ನಿಮ್ಮದನ್ನು ನುಗ್ಗಿಸಿದರೆ ಮುಂದಿನ ಸಲ ಯಾರೂ ಮಾತು ಕೇಳುವುದಿಲ್ಲ.

## ಮುಂದುವರಿದ ಪ್ರಶ್ನೆಗಳು

ಒಂದು ಹಳೇ ಫಂಕ್ಷನ್ ತೆಗೀಬೇಕು. ಎಷ್ಟು ಮೊದಲು ಹೇಳಿದ್ರೆ ನ್ಯಾಯ?

ವೆಬ್‌ಸೈಟ್ ಕಟ್ಟಲು ಬಳಸುವ ಜ್ಯಾಂಗೋದ ನಿಯಮ ನನಗೆ ಹಿಡಿಸಿದೆ. ಡಿಪ್ರಿಕೇಟ್ ಮಾಡಿದ್ದು (ಮುಂದೆ ತೆಗೆಯುತ್ತೇವೆ ಅಂತ ಗುರುತು ಹಾಕಿದ್ದು) ಕನಿಷ್ಠ ಎರಡು ಫೀಚರ್ ರಿಲೀಸ್‌ಗಳ ಕಾಲ ಎಚ್ಚರಿಕೆ ಕೊಡುತ್ತಾ ಉಳಿದಿರುತ್ತದೆ. ಎಚ್ಚರಿಕೆ ಸಂದೇಶದಲ್ಲೇ ಎರಡು ವಿಷಯ ಇರಲಿ: ಯಾವ ಆವೃತ್ತಿಯಲ್ಲಿ ತೆಗೆಯುತ್ತೀರಿ, ಬದಲಿಗೆ ಏನು ಬಳಸಬೇಕು. ಬರೀ ‘ಇದು ಹಳೆಯದು’ ಅಂತ ಹೇಳಿದರೆ ಓದಿದವರು ಏನು ಮಾಡಬೇಕು?

ದೊಡ್ಡ ಬದಲಾವಣೆಗೆ ಎಷ್ಟು ವರ್ಷ ಹಿಡಿಯುತ್ತದೆ ಅನ್ನುವುದಕ್ಕೆ ಪೈಥಾನ್ ನೋಡಿ. 3.0 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಪೈಥಾನ್ 2ಕ್ಕೆ ಬೆಂಬಲ 2015ಕ್ಕೆ ನಿಲ್ಲಬೇಕಿತ್ತು. ಜನ ಇನ್ನೂ ದಾಟಿಲ್ಲ ಅಂತ ಕಂಡು, 2014ರಲ್ಲೇ ಗಡುವನ್ನು 2020ಕ್ಕೆ ಮುಂದೂಡಿದರು. ಗಡುವಿಗೆ ಒಂದು ವರ್ಷ ಮೊದಲೇ, ಒಂದೇ ಸಲ, ದೊಡ್ಡದಾಗಿ. ವರ್ಷ ವರ್ಷವೂ ‘ಇನ್ನೊಂದು ವರ್ಷ’ ಅಂದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಹಳೇ ಆವೃತ್ತಿಗಳಿಗೆ ಎಷ್ಟು ದಿನ ಬೆಂಬಲ ಕೊಡಬೇಕು?

ನಿಮ್ಮ ಕೈಲಾದಷ್ಟು, ಅದಕ್ಕಿಂತ ಒಂದು ದಿನವೂ ಜಾಸ್ತಿ ಬರೆಯಬೇಡಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಒಂದೊಂದು ದೊಡ್ಡ ಆವೃತ್ತಿಗೆ ಐದು ವರ್ಷ ಕೊಡುತ್ತದೆ, ಪೈಥಾನ್ ಕೂಡ ಐದು ವರ್ಷ. ಅವರ ಹಿಂದೆ ದೊಡ್ಡ ತಂಡ ಇದೆ. ನಾನು ಕೊನೆಯ ಆವೃತ್ತಿಗೆ ಪೂರ್ತಿ, ಅದರ ಹಿಂದಿನದಕ್ಕೆ ಆರು ತಿಂಗಳು ಭದ್ರತಾ ತಿದ್ದುಪಡಿ ಮಾತ್ರ ಅಂತ ಬರೆದಿದ್ದೇನೆ. ಪುಟ್ಟ ಕೋಷ್ಟಕ ಸಾಕು: ಆವೃತ್ತಿ, ಬಂದ ದಿನ, ಬೆಂಬಲ ನಿಲ್ಲುವ ದಿನ.

ಭದ್ರತಾ ದೋಷ ಸಿಕ್ಕಿದೆ. ಅದನ್ನೂ ಮುಂದಿನ ರಿಲೀಸ್ ಪಟ್ಟಿಯಲ್ಲಿ ಹಾಕಬೇಕಾ?

ಹಾಕಬೇಡಿ. ಎಲ್ಲವನ್ನೂ ತೆರೆದು ಮಾಡಬೇಕು ಅನ್ನುವ ನಿಯಮಕ್ಕೆ ಇದೊಂದು ವಿನಾಯಿತಿ. ಪ್ಯಾಚ್ (ದೋಷ ಸರಿಪಡಿಸುವ ತಿದ್ದುಪಡಿ) ರೆಡಿ ಆಗುವ ಮೊದಲೇ ಪಟ್ಟಿಯಲ್ಲಿ ಹಾಕಿದರೆ ದಾಳಿ ಮಾಡುವವರಿಗೆ ದಾರಿ ತೋರಿಸಿದ ಹಾಗೆ. ಖಾಸಗಿಯಾಗಿ ಸರಿಪಡಿಸಿ, ಬಿಡುಗಡೆ ಮಾಡಿ, ಆ ಕ್ಷಣವೇ ಪೂರ್ತಿ ವಿವರ ಬರೆಯಿರಿ. ಮೊದಲೇ ಬರೆದಿಡಬೇಕಾದ್ದು ವಿಧಾನ: ದೋಷ ಕಂಡವರು ಯಾರಿಗೆ ಹೇಳಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ, ತುರ್ತು ರಿಲೀಸ್ ಹೇಗೆ ನಡೆಯುತ್ತದೆ.

ಮತ್ತೆ, ಒಂದೇ ಸಲಕ್ಕೆ ಮುಗಿಯುತ್ತದೆ ಅಂದುಕೊಳ್ಳಬೇಡಿ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ (ಜಾವಾ ಪ್ರೋಗ್ರಾಂಗಳು ಲಾಗ್ ಬರೆಯಲು ಬಳಸುವ ಲೈಬ್ರರಿ) ದೋಷ ಹೊರಬಿದ್ದಾಗ 2.15.0 ಬಂತು. ಅದು ಸಾಲದೆ 2.16.0, ಆಮೇಲೆ 2.17.0, ಅದೇ ತಿಂಗಳಲ್ಲೇ 2.17.1. ಅಂಥ ವಾರದಲ್ಲಿ ರಿಲೀಸ್ ಮಾಡುವ ಹಂತಗಳು ಕಣ್ಣು ಮುಚ್ಚಿ ಮಾಡುವಷ್ಟು ಸುಲಭ ಇರಬೇಕು.

ರಿಲೀಸ್ ಹೇಗೆ ಮಾಡೋದು ಅಂತ ನನಗೊಬ್ಬಳಿಗೇ ಗೊತ್ತು. ನಾಳೆ ನಾನಿಲ್ಲದಿದ್ರೆ?

ಈ ಪ್ರಶ್ನೆ ಕೇಳಿಕೊಂಡವರು ಕಡಿಮೆ. ನೀವು ಕೇಳಿದ್ದಕ್ಕೆ ಖುಷಿಯಾಯಿತು.

ಮುಂದಿನ ರಿಲೀಸ್ ಮಾಡುವಾಗ ಒಂದು ಖಾಲಿ ಫೈಲ್ ತೆರೆದಿಟ್ಟುಕೊಳ್ಳಿ. ಕೈ ಮಾಡಿದ್ದನ್ನೆಲ್ಲ ಬರೆಯುತ್ತಾ ಹೋಗಿ: ಸಂಖ್ಯೆ ಬದಲಿಸಿದ ಫೈಲ್ ಯಾವುದು, ಟ್ಯಾಗ್ ಹಾಕಿದ ಆಜ್ಞೆ ಯಾವುದು, ಪಾಸ್‌ವರ್ಡ್ ಕೇಳಿದ್ದು ಎಲ್ಲಿ. ನನ್ನ ಪಟ್ಟಿ ಮೊದಲ ಸಲ 11 ಹಂತ ಇತ್ತು. ಮುಂದಿನ ರಿಲೀಸನ್ನು ಇನ್ನೊಬ್ಬರಿಗೆ ಬಿಟ್ಟು ಪಕ್ಕದಲ್ಲಿ ಸುಮ್ನೆ ಕೂತೆ. ನಾಲ್ಕನೇ ಹಂತದಲ್ಲೇ ಅವರು ನಿಂತರು. ಸಹಿ ಹಾಕುವ ಕೀ (ಫೈಲ್ ನಮ್ಮದೇ ಅಂತ ತೋರಿಸುವ ಡಿಜಿಟಲ್ ಕೀಲಿ) ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇತ್ತು, ಅದನ್ನು ಬರೆದೇ ಇರಲಿಲ್ಲ. ಈಗ 19 ಹಂತ, ಇಬ್ಬರ ಬಳಿ ತಮ್ಮ ತಮ್ಮದೇ ಕೀ.

ಯಾರಿಗೆ ಕೊಡುತ್ತೀರಿ ಅನ್ನುವುದರಲ್ಲಿ ಆತುರ ಬೇಡ. 2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಟೂಲ್‌ನ 5.6.0 ಮತ್ತು 5.6.1ರಲ್ಲಿ ಕಳ್ಳ ಬಾಗಿಲು ಇರುವುದು ಬಯಲಾಯಿತು. ದಣಿದಿದ್ದ ಮೇಂಟೇನರ್ ಮೇಲೆ ‘ರಿಲೀಸ್ ಯಾಕೆ ತಡ, ಬೇರೆಯವರಿಗೆ ಬಿಟ್ಟುಕೊಡಿ’ ಅಂತ ಒತ್ತಡ ಹಾಕಲಾಗಿತ್ತು. ವರ್ಷಗಟ್ಟಲೆ ನಂಬಿಕೆ ಗಳಿಸಿ ಬಂದ ಖಾತೆಯೇ ಆ ಕೆಲಸ ಮಾಡಿತ್ತು. ಕೆಟ್ಟ ಕೋಡ್‌ಗೆ ಜೀವ ಕೊಟ್ಟು ಓಡಿಸುವ ತುಣುಕು ಎಲ್ಲರೂ ನೋಡುವ ಕೋಡ್ ಇರುವ ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆಗೆ ಕಟ್ಟಿದ ಟಾರ್ ಫೈಲ್‌ನಲ್ಲಿ ಮಾತ್ರ ಇತ್ತು. ಹಾಗಾಗಿ ಬಿಡುಗಡೆಯ ಫೈಲ್ ಯಾವ ಕಮಿಟ್‌ನಿಂದ, ಯಾವ ಆಜ್ಞೆಯಿಂದ ತಯಾರಾಯಿತು ಅಂತ ಬರೆದಿಡಿ. ಬೇರೆಯವರು ಅದನ್ನೇ ಮಾಡಿ ಹೋಲಿಸಿ ನೋಡುವಂತಿರಲಿ.

ಬದಲಾವಣೆ ತುಂಬಾ ದೊಡ್ಡದು, ಒಂದು ರಿಲೀಸ್‌ನಲ್ಲಿ ಮುಗಿಯಲ್ಲ. ಯೋಜನೇಲಿ ಹೇಗೆ ತೋರಿಸೋದು?

ಹಂತ ಮಾಡಿ, ಪ್ರತಿ ಹಂತವೂ ತಾನೇ ಉಪಯೋಗಕ್ಕೆ ಬರುವ ಹಾಗೆ. ಸರ್ವರ್‌ಗಳಲ್ಲಿ ಪ್ರೋಗ್ರಾಂಗಳನ್ನು ನಿರ್ವಹಿಸುವ ಕುಬರ್ನೆಟಿಸ್‌ನಲ್ಲಿ ಒಂದೊಂದು ಫೀಚರ್ ಆಲ್ಫಾ, ಬೀಟಾ, ಸ್ಥಿರ ಅಂತ ಏರುತ್ತದೆ. ಆಲ್ಫಾ ಹಂತದಲ್ಲಿ ತಾನಾಗಿ ಆನ್ ಆಗಿರುವುದಿಲ್ಲ. ಮುಂದಿನ ಹಂತಕ್ಕೆ ಏರಲು ಏನೇನು ಆಗಿರಬೇಕು ಅನ್ನುವುದು ಪ್ರಸ್ತಾವದಲ್ಲೇ ಇರುತ್ತದೆ. ಎಲ್ಲವನ್ನೂ ಒಟ್ಟಿಗೇ ಹೊಸದಾಗಿ ಬರೆಯುತ್ತೇವೆ ಅಂತ ಹೊರಟರೆ ದಾರಿ ಬಹಳ ಉದ್ದ. ಪ್ರೋಗ್ರಾಮಿಂಗ್ ಭಾಷೆ ಪರ್ಲ್‌ನ 6ನೇ ಆವೃತ್ತಿ ಘೋಷಣೆಯಾದದ್ದು 2000ದಲ್ಲಿ, ಮೊದಲ ಸ್ಥಿರ ಬಿಡುಗಡೆ 2015ರ ಡಿಸೆಂಬರ್‌ನಲ್ಲಿ. 2019ರಲ್ಲಿ ಅದಕ್ಕೆ ರಾಕು ಅಂತ ಬೇರೆ ಹೆಸರೇ ಬಂತು.

ರಿಲೀಸ್ ಆಯ್ತು. ಹಳೇ ರೋಡ್‌ಮ್ಯಾಪ್ ಅಳಿಸಿಬಿಡಲಾ?

ಅಳಿಸಬೇಡಿ. ಒಂದೊಂದು ಐಟಂ ಪಕ್ಕದಲ್ಲಿ ಏನಾಯಿತು ಅಂತ ಬರೆಯಿರಿ: ಬಂತು, ಮುಂದೆ ಹೋಯಿತು, ಬಿಟ್ಟೆವು. ಬಿಟ್ಟದ್ದಕ್ಕೆ ಕಾರಣ ಒಂದು ಸಾಲು. ಎರಡು ವರ್ಷ ಬಿಟ್ಟು ಅದೇ ಬೇಡಿಕೆ ಮತ್ತೆ ಬಂದಾಗ ಆ ಸಾಲೇ ಉತ್ತರ. ನನ್ನ 2.4ರ ಪುಟದಲ್ಲಿ ಏಳು ಐಟಂ ಇದ್ದವು. ನಾಲ್ಕು ಬಂದವು, ಎರಡು ಮುಂದೆ ಹೋದವು, ಒಂದನ್ನು ಬಿಟ್ಟೆ. ಅದಕ್ಕೂ ಹಿಂದಿನ ಪುಟ ತೆಗೆದು ನೋಡಿದೆ, ಅಲ್ಲೂ ಬಂದದ್ದು ನಾಲ್ಕೇ. 2.5ಕ್ಕೆ ನಾಲ್ಕು ಮಾತ್ರ ಬರೆದಿದ್ದೇನೆ.